ಎರಡು ಸೂಜಿ, ಒಂದು ದಾರ

ಅಳಲೆಕಾಯಿ ಚೂರು ಬಾಯಿಗೆ ಹಾಕಿಕೊಂಡರೆ ನಾಲಿಗೆ ಹಿಡಿದುಕೊಳ್ಳುತ್ತದೆ. ಒಸಡು ಬಿಗಿಯುತ್ತದೆ, ಬಾಯೆಲ್ಲ ಒಣಗಿದ ಹಾಗಾಗುತ್ತದೆ. ಕೆಮ್ಮು ಬಂದಾಗ ಅಜ್ಜಿ ತೇಯ್ದು ಕೊಟ್ಟಿದ್ದನ್ನು ನೆಕ್ಕಿದವರಿಗೆಲ್ಲ ಆ ಒಗರು ಗೊತ್ತು. ಹಸಿ ತೊಗಲನ್ನು ಚರ್ಮ ಮಾಡುವುದೂ ಅದೇ ಒಗರು ಅಂತ ನನಗೆ ತಿಳಿದಿದ್ದು ನಲವತ್ತು ದಾಟಿದ ಮೇಲೆ, ಚರ್ಮದ ಕೆಲಸ ಕಲಿಯಲು ಕೂತಾಗ.

ಅಳಲೆಕಾಯಿ, ಜಾಲಿ ಮರದ ತೊಗಟೆ, ಬಯಲುಸೀಮೆಯ ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ, ಇವೆಲ್ಲದರಲ್ಲೂ ಆ ಒಗರು ಕೊಡುವ ಟ್ಯಾನಿನ್ ಇದೆ. ಟ್ಯಾನಿನ್ನಿಗೆ ಪ್ರೋಟೀನ್ ಸಿಕ್ಕರೆ ಬಿಡುವುದಿಲ್ಲ. ಬಾಯಲ್ಲಿ ಅದು ಎಂಜಲಿನಲ್ಲಿರುವ ಪ್ರೋಟೀನನ್ನು ಹಿಡಿಯುತ್ತದೆ, ಅದಕ್ಕೇ ಬಾಯಿ ಒಣಗುತ್ತದೆ. ಹದ ಮಾಡುವ ತೊಟ್ಟಿಯಲ್ಲಿ ಅದು ತೊಗಲಿನ ಎಳೆಗಳಲ್ಲಿರುವ ಕೊಲಾಜನ್ ಅನ್ನುವ ಪ್ರೋಟೀನನ್ನು ಹಿಡಿಯುತ್ತದೆ. ಹದ ಮಾಡದ ತೊಗಲು ಒದ್ದೆಯಾಗಿದ್ದರೆ ಕೊಳೆಯುತ್ತದೆ, ಒಣಗಿದರೆ ಸೆಟೆದುಕೊಳ್ಳುತ್ತದೆ. ವಾರಗಟ್ಟಲೆ ತೊಗಟೆ ನೀರು ಕುಡಿದ ತೊಗಲು ಹಾಗಲ್ಲ. ಅದು ಕೊಳೆಯದು, ಬಾಗಿಸಿದರೆ ಬಾಗುತ್ತದೆ, ವರ್ಷಗಟ್ಟಲೆ ಬಾಳುತ್ತದೆ.

ಹದ ಮಾಡದ ತೊಗಲಿಗೂ ನಮ್ಮಲ್ಲಿ ಕೆಲಸ ಇದೆ. ತಮಟೆಗೆ ಬಿಗಿಯುವುದು ಅದನ್ನೇ. ಬಾರಿಸುವ ಮೊದಲು ಬೆಂಕಿಗೆ ಹಿಡಿಯುತ್ತಾರಲ್ಲ, ಗಾಳಿಯ ತೇವ ಕುಡಿದು ಸಡಿಲವಾದ ತೊಗಲು ಬಿಸಿಗೆ ಮತ್ತೆ ಬಿಗಿಯಾಗಲಿ ಅಂತ. ತೊಗಲು ಗೊಂಬೆಯಾಟದ ಗೊಂಬೆಗಳೂ ಹಾಗೇ. ಆಡಿನ ತೊಗಲಿನ ಕೂದಲು, ಕೊಬ್ಬು ಎಲ್ಲ ಕೆರೆದು ತೆಳ್ಳಗೆ ಒಣಗಿಸಿ, ಕತ್ತರಿಸಿ ಬಣ್ಣ ಹಾಕುತ್ತಾರೆ. ತೊಗಟೆ ನೀರಿನಲ್ಲಿ ಹದ ಮಾಡಿಬಿಟ್ಟರೆ ಕಂದು ಬಣ್ಣ ಬಂದು ದೀಪದ ಬೆಳಕು ದಾಟುವುದೇ ಇಲ್ಲ. ಚಿಕ್ಕಂದಿನಲ್ಲಿ ಪರದೆ ಮೇಲೆ ಕೆಂಪು, ಹಸಿರು ಹೊಳೆಯುವ ರಾವಣನನ್ನು ನೋಡುವಾಗ ಇದೆಲ್ಲ ಎಲ್ಲಿ ಹೊಳೆದಿತ್ತು!

ನಾನು ಈ ಕೆಲಸಕ್ಕೆ ಬಂದಿದ್ದು ಒಂದು ಬೆಲ್ಟಿನಿಂದ. ಅಸಲಿ ಚರ್ಮ ಅಂತ ಮುದ್ರೆ ಇದ್ದ ಬೆಲ್ಟು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮೇಲಿನ ಪದರ ಸಿಪ್ಪೆ ಏಳತೊಡಗಿತು. ಬ್ಲೇಡಿನಿಂದ ಸೀಳಿ ನೋಡಿದೆ. ಎರಡು ಬದಿ ತೆಳ್ಳನೆಯ ಚರ್ಮ, ನಡುವೆ ರಟ್ಟಿನಂಥದ್ದೇನೋ, ಎಲ್ಲಕ್ಕೂ ಸೇರಿಸಿ ಅಂಟು. ಅಪ್ಪನ ಹತ್ತಿರ ಅವರ ಮದುವೆ ಕಾಲದ ಬೆಲ್ಟು ಈಗಲೂ ಇದೆ. ಕಪ್ಪಗಾಗಿದೆ, ತೂತುಗಳು ಉದ್ದುದ್ದ ಆಗಿವೆ, ಆದರೆ ಸೀಳು ಬಿಟ್ಟಿಲ್ಲ. ಒಂದೇ ಹೆಸರಿನ ಎರಡು ವಸ್ತು ಇಷ್ಟು ಬೇರೆ ಯಾಕೆ ಅಂತ ಹುಡುಕುತ್ತಾ ಹೋದವನು ಉಳಿ, ಸೂಜಿ ಕೊಳ್ಳುವವರೆಗೆ ಹೋದೆ.

ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ಸಲಕರಣೆಗಳ ಬಗ್ಗೆ ಕೇಳುತ್ತಾರೆ. ನನ್ನ ಅನುಭವದಲ್ಲಿ ಮೊದಲು ಕಲಿಯಬೇಕಾದದ್ದು ಚರ್ಮ ಕೊಳ್ಳುವುದನ್ನು. ಬೆಂಗಳೂರಿನಲ್ಲಿ ಟ್ಯಾನರಿ ರಸ್ತೆ ಅಂತ ಹೆಸರು ಉಳಿದಿದೆ. ಈಗ ಇಲ್ಲಿನ ಅಂಗಡಿಗಳಿಗೆ ತಮಿಳುನಾಡಿನಿಂದ ಬರುವ ಮಾಲು ಜಾಸ್ತಿ. ಆಂಬೂರು, ವಾಣಿಯಂಬಾಡಿ, ರಾಣಿಪೇಟೆ ಕಡೆಯದು ಹೆಚ್ಚಾಗಿ ಕ್ರೋಮ್ ಚರ್ಮ. ದಿಂಡಿಗಲ್, ತಿರುಚ್ಚಿ, ಈರೋಡು ಕಡೆ ತೊಗಟೆಯಲ್ಲಿ ಹದ ಮಾಡುವ ಹಳೆಯ ಪದ್ಧತಿ ಇದೆ. ಆ ಚರ್ಮವನ್ನು ವ್ಯಾಪಾರದಲ್ಲಿ ಈಗಲೂ ‘ಈ.ಐ.’ ಅನ್ನುತ್ತಾರೆ. ಈಸ್ಟ್ ಇಂಡಿಯಾ ಕಂಪನಿ ಕಾಲದಿಂದ ಬಂದ ಹೆಸರು.

ಕ್ರೋಮ್ ಅಂದರೆ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು. 1884ರಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು, ಆಮೇಲೆ ಚರ್ಮದ ಉದ್ಯಮವೇ ಬದಲಾಯಿತು. ತೊಗಟೆಯಲ್ಲಿ ವಾರಗಳು ಹಿಡಿಯುವ ಕೆಲಸ ಇದರಲ್ಲಿ ಒಂದೆರಡು ದಿನದಲ್ಲಿ ಮುಗಿಯುತ್ತದೆ. ಇವತ್ತು ಜಗತ್ತಿನ ಬಹುಪಾಲು ಶೂ, ಬ್ಯಾಗು, ಸೋಫಾ ಕ್ರೋಮ್ ಚರ್ಮದ್ದೇ. ಮೆತ್ತಗಿರುತ್ತದೆ, ನೀರು ತಡೆಯುತ್ತದೆ, ಬೇಕಾದ ಬಣ್ಣ ಹಿಡಿಯುತ್ತದೆ. ಅದನ್ನು ನಾನು ಕೀಳು ಅನ್ನುವುದಿಲ್ಲ. ಆದರೆ ಕೈಕೆಲಸ ಕಲಿಯುವವರಿಗೆ ತೊಗಟೆ ಚರ್ಮವೇ ಸರಿ. ಅದರ ಅಂಚನ್ನು ಉಜ್ಜಿದರೆ ಹೊಳಪು ಬರುತ್ತದೆ. ಒದ್ದೆ ಮಾಡಿ ಅಚ್ಚು ಒತ್ತಿದರೆ ಗುರುತು ನಿಲ್ಲುತ್ತದೆ. ಕ್ರೋಮ್ ಚರ್ಮದಲ್ಲಿ ಈ ಎರಡೂ ಸುಲಭಕ್ಕೆ ಆಗುವುದಿಲ್ಲ.

ಅಂಗಡಿಯಲ್ಲಿ ಗುರುತು ಹಿಡಿಯುವುದು ಕಷ್ಟವಲ್ಲ. ಕತ್ತರಿಸಿದ ಅಂಚು ನೋಡಿ. ಒಳಗೆ ಬೂದು ಅಥವಾ ನೀಲಿ ಛಾಯೆ ಇದ್ದರೆ ಕ್ರೋಮ್. ಒಳಗೂ ಹೊರಗೂ ಕಂದು ಇದ್ದರೆ ಬಹುಶಃ ತೊಗಟೆಯದು. ಮೇಲೆ ಬಣ್ಣದ ಲೇಪ ಇಲ್ಲದ ತುಂಡಾದರೆ ಒಂದು ಹನಿ ನೀರು ಬಿಡಿ. ತೊಗಟೆ ಚರ್ಮ ಅದನ್ನು ಹೀರಿ ಅಲ್ಲಿ ಗಾಢವಾಗುತ್ತದೆ. ಇನ್ನು ವಾಸನೆ. ತೊಗಟೆ ಚರ್ಮದ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮತ್ತೆ ಕೇಳಬೇಕಾಗಿಲ್ಲ.

ಪೂರ್ತಿ ಚರ್ಮ ಬಿಡಿಸಿ ಹಾಸಿದರೆ ಪ್ರಾಣಿಯ ಆಕಾರ ಕಾಣುತ್ತದೆ. ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ, ಎಳೆದರೆ ಹಿಗ್ಗುತ್ತದೆ. ಕುತ್ತಿಗೆಯಲ್ಲಿ ಸುಕ್ಕು. ಬೆಲ್ಟಿಗೆ ಬೆನ್ನಿನ ಉದ್ದಕ್ಕೆ ಕತ್ತರಿಸಿಕೊಳ್ಳಬೇಕು, ಹೊಟ್ಟೆ ಕಡೆಯದು ಹಾಕಿದರೆ ಕೆಲವು ತಿಂಗಳಿಗೇ ಜೋತು ಬೀಳುತ್ತದೆ. ಮುಳ್ಳು ಗೀರಿದ ಗೆರೆ, ಉಣ್ಣಿ ಕಚ್ಚಿದ ಚುಕ್ಕೆ, ಕಾಯಿಲೆಗೆ ಅಂತ ಹಾಕಿದ ಬರೆಯ ಗುರುತು, ಎಲ್ಲ ಹಾಗೇ ಇರುತ್ತವೆ. ಅಂಗಡಿಯವರು ಅಂಥದ್ದನ್ನು ಪಕ್ಕಕ್ಕಿಟ್ಟು ಕಡಿಮೆ ದರಕ್ಕೆ ಕೊಡುತ್ತಾರೆ. ನಾನು ಅದನ್ನೇ ಆರಿಸುತ್ತೇನೆ. ನನ್ನ ಪರ್ಸಿನ ಮೇಲೆ ಉದ್ದನೆಯ ಬರೆ ಗುರುತು ಒಂದಿದೆ. ಯಾವ ಊರಿನ ಎಮ್ಮೆಯೋ, ಯಾರ ಮನೆಯ ಹಿತ್ತಲಲ್ಲಿ ಕಟ್ಟಿದ್ದರೋ. ಅದನ್ನು ಮುಟ್ಟುವಾಗೆಲ್ಲ ಇದು ಒಂದು ಜೀವದ ಮೈ ಅನ್ನುವುದು ನೆನಪಾಗುತ್ತದೆ. ಅದು ನೆನಪಾಗಬೇಕು ಕೂಡ. ಹಾಗಿದ್ದಾಗ ಒಂದು ತುಂಡನ್ನೂ ಸುಮ್ನೆ ಎಸೆಯಲು ಮನಸ್ಸು ಬರುವುದಿಲ್ಲ.

ಇನ್ನು ಕತ್ತರಿಸುವುದು. ಇಲ್ಲಿ ಹೇಳುವುದಕ್ಕೆ ಹೆಚ್ಚೇನಿಲ್ಲ. ಚಾಕು ಹರಿತ ಇರಬೇಕು, ಉಕ್ಕಿನ ಪಟ್ಟಿ ಜಾರಬಾರದು. ಮೊಂಡ ಚಾಕುವಿಗೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗಲೇ ಅದು ಜಾರಿ ಕೈಗೆ ಬರುವುದು. ಆದ್ದರಿಂದ ನಾಲ್ಕು ಗೀಟು ಎಳೆಯುವಷ್ಟರಲ್ಲಿ ಚಾಕುವನ್ನು ಚರ್ಮದ ಪಟ್ಟಿಯ ಮೇಲೆ ಮಸೆದುಕೊಳ್ಳುವುದು ಅಭ್ಯಾಸ ಆಗಬೇಕು. ದಪ್ಪದ ಲೆಕ್ಕವೂ ಅಷ್ಟೇ ಸರಳ. ಕಾರ್ಡ್ ಇಡುವ ಚಿಕ್ಕ ಪರ್ಸಿಗೆ 1ರಿಂದ 1.2 ಮಿಲಿಮೀಟರ್, ಬೆಲ್ಟಿಗೆ ಮೂರೂವರೆಯಿಂದ ನಾಲ್ಕು. ಮಡಚುವ ಜಾಗದಲ್ಲಿ ಮಾತ್ರ ಒಳಬದಿಯಿಂದ ಕೆರೆದು ತೆಳು ಮಾಡಬೇಕು.

ಹೊಲಿಗೆಯ ವಿಷಯ ಹಾಗಲ್ಲ. ಅದರ ಬಗ್ಗೆ ಎಷ್ಟು ಹೇಳಿದರೂ ಸಾಲದು.

ಬಟ್ಟೆಗೆ ಸೂಜಿಯೇ ತೂತು ಮಾಡುತ್ತದೆ. ಚರ್ಮಕ್ಕೆ ತೂತು ಮೊದಲು, ಹೊಲಿಗೆ ಆಮೇಲೆ. ಅಂಚಿನಿಂದ ಮೂರೋ ನಾಲ್ಕೋ ಮಿಲಿಮೀಟರ್ ಒಳಗೆ ಒಂದು ಗೆರೆ ಎಳೆದುಕೊಳ್ಳಬೇಕು. ಗೆರೆಯ ಮೇಲೆ ಹಲ್ಲಿನ ಉಳಿ ಇಟ್ಟು ಕೊಡತಿಯಿಂದ ಹೊಡೆಯಬೇಕು. ಹಲ್ಲಿಂದ ಹಲ್ಲಿಗೆ 4 ಮಿಲಿಮೀಟರ್ ಇರುವ ಉಳಿ ಕಲಿಯುವವರಿಗೆ ಸಾಕು. ಒಂದು ಏಟು ಆದ ಮೇಲೆ ಉಳಿಯ ಮೊದಲ ಹಲ್ಲನ್ನು ಹಿಂದಿನ ಕೊನೆಯ ತೂತಿಗೇ ಇಟ್ಟು ಮುಂದಿನ ಏಟು ಹಾಕಬೇಕು. ಆಗ ಅಂತರ ತಪ್ಪುವುದಿಲ್ಲ. ಹಲ್ಲುಗಳು ನೇರವಾಗಿರುವುದಿಲ್ಲ, ಸ್ವಲ್ಪ ಓರೆಯಾಗಿ ಕೂತಿರುತ್ತವೆ. ಕೈಹೊಲಿಗೆಯಲ್ಲಿ ಕಾಣುವ ಆ ಚಂದದ ಓರೆ ಶುರುವಾಗುವುದು ಅಲ್ಲಿಂದ.

ಆಮೇಲೆ ಒಂದು ದಾರ, ಎರಡು ಸೂಜಿ. ದಾರ ಹೊಲಿಗೆಯ ಉದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ಬೇಕು. ಜೇನುಮೇಣದ ಉಂಡೆಯ ಮೇಲೆ ಎಳೆದು ಎರಡೂ ತುದಿಗೆ ಒಂದೊಂದು ಸೂಜಿ ಪೋಣಿಸಬೇಕು. ಸೂಜಿಯ ಮೊನೆ ಮೊಂಡ ಇರಬೇಕು, ಯಾಕೆಂದರೆ ತೂತು ಆಗಲೇ ಇದೆ. ಹರಿತ ಸೂಜಿ ಆದರೆ ಮೊದಲೇ ಕೂತಿರುವ ದಾರವನ್ನು ಚುಚ್ಚಿಬಿಡುತ್ತದೆ. ಮೊದಲ ತೂತಿನಲ್ಲಿ ದಾರವನ್ನು ಅರ್ಧಕ್ಕೆ ಎಳೆದುಕೊಂಡು, ಆ ಕಡೆ ಒಂದು ಸೂಜಿ, ಈ ಕಡೆ ಒಂದು ಸೂಜಿ. ಮುಂದಿನ ತೂತಿಗೆ ಎಡಗೈ ಸೂಜಿ ಬರುತ್ತದೆ, ದಾರ ಸ್ವಲ್ಪ ಹಿಂದಕ್ಕೆ ಎಳೆದು ಹಿಡಿದು ಅದೇ ತೂತಿಗೆ ಬಲಗೈ ಸೂಜಿ ಹೋಗುತ್ತದೆ. ಎರಡೂ ಕೈ ಅಗಲಿಸಿ ಎಳೆಯಬೇಕು. ಯಾವ ಸೂಜಿ ಮೊದಲು ಅನ್ನುವುದು ನಿಮ್ಮಿಷ್ಟ. ಆದರೆ ಹಿಡಿದ ಕ್ರಮ ಕೊನೆವರೆಗೂ ಅದೇ ಇರಬೇಕು. ಒಂದೇ ಒಂದು ಕಡೆ ಅದಲು ಬದಲಾದರೂ ಅಲ್ಲಿ ಓರೆ ಮುರಿದು ನಿಲ್ಲುತ್ತದೆ. ಬೇರೆ ಯಾರಿಗೂ ಕಾಣದಿದ್ದರೂ ಹೊಲಿದವರ ಕಣ್ಣು ಅಲ್ಲೇ ಹೋಗುತ್ತದೆ.

ಇದಕ್ಕೆ ಸ್ಯಾಡಲ್ ಸ್ಟಿಚ್ ಅಂತ ಹೆಸರು, ಕುದುರೆ ಜೀನು ಮಾಡುವವರ ಹೊಲಿಗೆ. ಹೊಲಿಗೆ ಯಂತ್ರದಲ್ಲಿ ಮೇಲಿನ ದಾರ, ಕೆಳಗಿನ ದಾರ ಎರಡೂ ಚರ್ಮದ ನಡುವೆ ಕೊಂಡಿ ಹಾಕಿಕೊಂಡು ತಮ್ಮ ತಮ್ಮ ಬದಿಗೆ ವಾಪಸ್ ಹೋಗುತ್ತವೆ. ಒಂದು ಕಡೆ ಸವೆದು ಹರಿದರೆ ಅಕ್ಕಪಕ್ಕದ್ದೂ ಸಡಿಲವಾಗುತ್ತಾ ಹೋಗುತ್ತವೆ. ಎರಡು ಸೂಜಿಯ ಹೊಲಿಗೆಯಲ್ಲಿ ಪ್ರತಿ ತೂತಿನಲ್ಲೂ ದಾರದ ಎರಡು ಎಳೆ ಪೂರ್ತಿ ದಾಟಿರುತ್ತವೆ. ಒಂದು ಹರಿದರೂ ಇನ್ನೊಂದು ಹಿಡಿದುಕೊಂಡೇ ಇರುತ್ತದೆ. ಯಂತ್ರಕ್ಕೆ ಈ ಹೊಲಿಗೆ ಬರುವುದಿಲ್ಲ. ಇಷ್ಟೆಲ್ಲ ಯಂತ್ರಗಳ ನಡುವೆ ಕೈಗೆ ಮಾತ್ರ ದಕ್ಕುವ ಒಂದು ಕೆಲಸ ಇದೆ ಅಂತ ತಿಳಿದಾಗ ನನಗಾದ ಖುಷಿ ದೊಡ್ಡದು.

ಬಿಗಿ ಎಷ್ಟಿರಬೇಕು ಅನ್ನುವುದನ್ನು ಯಾವ ವಿಡಿಯೋನೂ ಹೇಳಿಕೊಡಲಾರದು. ದಾರ ಎಳೆದಾಗ ತೂತಿನ ಬಾಯಿ ಕೊಂಚ ಒಳಕ್ಕೆ ಹೋಗುತ್ತದೆ, ದಾರ ಚರ್ಮದ ಮೈಗೆ ಸಮನಾಗಿ ಕೂರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಎಳೆದರೆ ಅಂಚು ಅಲೆ ಅಲೆಯಾಗುತ್ತದೆ. ಬಿಟ್ಟರೆ ದಾರ ಮೇಲೆ ತೇಲುತ್ತದೆ. ಮೇಣ ಹಚ್ಚಿದ ದಾರ ಬಿಗಿಯುವಾಗ ಸಣ್ಣದೊಂದು ಸದ್ದು ಬರುತ್ತದೆ. ಈಗ ನಾನು ಕಣ್ಣಿಗಿಂತ ಜಾಸ್ತಿ ಆ ಸದ್ದನ್ನೇ ನಂಬುತ್ತೇನೆ.

ನಮ್ಮ ಬಸ್ ಸ್ಟಾಪಿನ ಪಕ್ಕ ಛತ್ರಿ ಕೆಳಗೆ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಕೂರುತ್ತಾರೆ. ಚಪ್ಪಲಿ ಇಟ್ಟು ಬಡಿಯುವ ಒಂದು ಕಬ್ಬಿಣದ ಅಡಿ, ಚರ್ಮ ಕೊಯ್ಯುವ ಒಂದು ರಂಪಿಗೆ, ತೂತು ಚುಚ್ಚುವ ಎರಡು ಮೂರು ಆರಿ, ಅಂಟಿನ ಡಬ್ಬಿ, ಚರ್ಮ ನೆನೆಹಾಕುವ ನೀರಿನ ಡಬ್ಬ. ನನ್ನ ಹತ್ತಿರ ಪೆಟ್ಟಿಗೆ ತುಂಬ ಸಲಕರಣೆ ಇದೆ. ಅವರ ಹತ್ತಿರ ಇಷ್ಟೇ. ವರ್ಷಗಳಿಂದ ಅವರ ಮುಂದೆಯೇ ಓಡಾಡಿದ್ದೇನೆ, ಚಪ್ಪಲಿ ಕೊಟ್ಟು ಫೋನ್ ನೋಡುತ್ತಾ ನಿಂತಿದ್ದೇನೆ. ಸೂಜಿ ಹಿಡಿಯಲು ಶುರು ಮಾಡಿದ ಮೇಲೆ ಅವರ ಕೈ ನೋಡಿದೆ.

ಅವರ ಆರಿಯ ಮೊನೆಯಲ್ಲಿ ಒಂದು ಸಣ್ಣ ಕೊಕ್ಕೆ ಇದೆ. ಬಲಗೈಲಿ ಆರಿ ಚುಚ್ಚುತ್ತಾರೆ. ಎಡಗೈ ಚಪ್ಪಲಿಯ ಅಟ್ಟೆಯ ಕೆಳಗಿದೆ, ದಾರ ಹಿಡಿದುಕೊಂಡು. ಅದು ಅವರಿಗೂ ಕಾಣುವುದಿಲ್ಲ. ಎಡಗೈ ದಾರವನ್ನು ಕೊಕ್ಕೆಗೆ ಸಿಕ್ಕಿಸುತ್ತದೆ, ಆರಿ ಮೇಲೆ ಬರುವಾಗ ದಾರದ ಕುಣಿಕೆಯೊಂದು ಜೊತೆಗೆ ಬರುತ್ತದೆ. ಆ ಕುಣಿಕೆಯೊಳಗೆ ಮೇಲಿನ ದಾರದ ತುದಿ ತೂರಿಸಿ ಎರಡೂ ಕಡೆ ಜಗ್ಗಿದರೆ ಒಂದು ಹೊಲಿಗೆ. ಗೆರೆ ಎಳೆಯಲಿಲ್ಲ, ಮೊದಲೇ ತೂತು ಮಾಡಲಿಲ್ಲ, ಅಳತೆ ಪಟ್ಟಿ ಇಲ್ಲ. ಹೊಲಿಗೆಯಿಂದ ಹೊಲಿಗೆಗೆ ಅಂತರ ಮಾತ್ರ ಒಂದೇ. ನಾನು ಒಂದು ಹೊಲಿಗೆ ಹಾಕುವಷ್ಟರಲ್ಲಿ ಅವರದು ನಾಲ್ಕೈದು ಆಗಿರುತ್ತದೆ.

“ಯಜಮಾನ್ರೆ, ಸ್ವಲ್ಪ ನಿಧಾನಕ್ಕೆ ಮಾಡಿ ತೋರಿಸ್ತೀರಾ?” ಅಂದೆ.

“ನಿಧಾನ ಮಾಡಿದ್ರೆ ನಂಗೇ ಬರಲ್ಲ ಸಾರ್” ಅಂದರು.

ನಾನು ಹೊಲಿದ ಪರ್ಸನ್ನು ಅವರಿಗೆ ಕೊಟ್ಟೆ. ತಿರುಗಿಸಿ ನೋಡಿದರು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು, ಒಳಬದಿಯ ಹೊಲಿಗೆ ನೋಡಿದರು. ಹೊರಗಿನದಕ್ಕಿಂತ ಒಳಗಿನದನ್ನೇ ಹೆಚ್ಚು ಹೊತ್ತು ನೋಡಿದರು. “ದಾರ ಚೆನ್ನಾಗಿ ಕೂತಿದೆ. ಎಷ್ಟು ಹೊತ್ತು ಹಿಡೀತು?” ಅಂತ ಕೇಳಿದರು. ಹೇಳಿದೆ. “ಅಷ್ಟು ಹೊತ್ತು ಕೂತ್ರೆ ನಮ್ದು ಒಲೆ ಉರಿಯಲ್ಲ ಸಾರ್.” ಬೇಸರದಿಂದ ಹೇಳಿದ್ದಲ್ಲ. ಇದ್ದದ್ದು ಹಾಗೇ ಹೇಳಿದರು.

ಅವರ ಮಗ ಡ್ರೈವರ್. ಈ ಕೆಲಸ ಕಲಿಸಲಿಲ್ಲವಾ ಅಂತ ಕೇಳಿದ್ದಕ್ಕೆ “ನಾನೇ ಬೇಡ ಅಂದೆ” ಅಂದರು. ಅದಕ್ಕೆ ಮೇಲೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ನಮ್ಮಲ್ಲಿ ಯಾವುದೇ ಕೈಕಸುಬಿನ ಮಾತು ಬಂದರೂ ‘ಅಯ್ಯೋ, ನಶಿಸಿ ಹೋಗುತ್ತಿದೆ, ಉಳಿಸಬೇಕು’ ಅನ್ನುತ್ತೇವೆ. ಚರ್ಮದ ಕೆಲಸದ ವಿಷಯದಲ್ಲಿ ಆ ಮಾತನ್ನು ನಾನು ಅಷ್ಟು ಸುಲಭಕ್ಕೆ ಹೇಳಲಾರೆ. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಬಾಲ್ಕನಿಯಲ್ಲಿ ಕೂತು ನಾನು ಖುಷಿಗೆ ಮಾಡುವ ಕೆಲಸವನ್ನು ಒಂದು ಜನ ತಲೆತಲಾಂತರ ಬೇರೆ ದಾರಿಯಿಲ್ಲದೆ ಮಾಡಿದ್ದಾರೆ. ಮಾಡಿದ್ದಕ್ಕೆ ಊರ ಹೊರಗೆ ಇದ್ದಾರೆ. ನಾನು ನಾಳೆ ಬೇಜಾರಾದರೆ ಸೂಜಿ ಎತ್ತಿಟ್ಟುಬಿಡಬಹುದು. ಅವರಿಗೆ ಅದು ಇರಲಿಲ್ಲ. ಮಗನಿಗೆ ಬೇಡ ಅಂದ ಅಪ್ಪ ಬಹಳ ಯೋಚನೆ ಮಾಡಿಯೇ ಅಂದಿರುತ್ತಾರೆ. ಆ ತೀರ್ಮಾನ ಸರಿಯಾಗಿದೆ.

ನಮ್ಮ ಊರು ತುಮಕೂರಿನ ಕಡೆ. ಅಜ್ಜನ ಕಾಲಕ್ಕೆ ವ್ಯವಸಾಯದ ಅರ್ಧ ಸಾಮಾನು ತೊಗಲಿನದು. ಕಪಿಲೆ ಬಾವಿಯಿಂದ ನೀರೆತ್ತುವ ತೊಗಲಿನ ಚೀಲ, ನೊಗಕ್ಕೆ ಕಟ್ಟುವ ಮಿಣಿ, ಬಾರುಕೋಲಿನ ಬಾರು, ಗದ್ದೆಗೆ ಹೋಗುವವರ ಮೆಟ್ಟು. ಎಲ್ಲ ಒಂದೇ ಕೇರಿಯಿಂದ ಬರುತ್ತಿತ್ತು. ಸುಗ್ಗಿಯಲ್ಲಿ ಆಯ ಅಂತ ಕಾಳು ಅಳೆದು ಕೊಡುತ್ತಿದ್ದರು. ಊರಿಗೆ ನೀರು ಎತ್ತಿದ್ದೇ ಅವರ ಕೈ ಹೊಲಿದ ಚೀಲದಲ್ಲಿ. ಆದರೆ ಆ ಚೀಲ ಹೊಲಿದವರು ಊರ ಬಾವಿಯ ಹತ್ತಿರ ಬರುವಂತಿರಲಿಲ್ಲ. ಮೆಟ್ಟು ಮಾಡಿ ತಂದವರು ನಮ್ಮ ಮನೆಯ ಅಂಗಳದಾಚೆ ನಿಲ್ಲುತ್ತಿದ್ದರು ಅಂತ ಅಪ್ಪ ಹೇಳುತ್ತಾರೆ. ಆ ಮೆಟ್ಟಿನ ಹೊಲಿಗೆ ಹೇಗಿತ್ತು ಅಂತ ಕೇಳಿದರೆ ಅಪ್ಪನಿಗೆ ಗೊತ್ತಿಲ್ಲ. ಮಾಡಿದವರ ಹೆಸರೂ ನೆನಪಿಲ್ಲ. ಬಾವಿಯ ಹೆಸರು ನೆನಪಿದೆ, ಎತ್ತುಗಳ ಹೆಸರು ನೆನಪಿದೆ.

ಹರಳಯ್ಯನ ಕತೆ ನಮಗೆಲ್ಲ ಗೊತ್ತು. ಬಸವಣ್ಣನ ಕಲ್ಯಾಣದಲ್ಲಿ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಪಾದರಕ್ಷೆ ಮಾಡಿದರು ಅನ್ನುವ ಕತೆ. ಮುಂದೆ ಅವರ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಗಿ, ಅದೇ ಕಾರಣಕ್ಕೆ ಹರಳಯ್ಯ, ಮಧುವರಸರಿಗೆ ಘೋರ ಶಿಕ್ಷೆಯಾಗಿ, ಕಲ್ಯಾಣವೇ ಹೊತ್ತಿ ಉರಿಯಿತು. ಈ ಕತೆಯಲ್ಲಿ ನಾವು ಭಕ್ತಿಯನ್ನು ಕೇಳಿದ್ದೇವೆ, ತ್ಯಾಗವನ್ನು ಕೇಳಿದ್ದೇವೆ. ಅಲ್ಲಿ ಒಬ್ಬ ಒಳ್ಳೆಯ ಕಸುಬುದಾರ ಇದ್ದ ಅನ್ನುವುದನ್ನು ನಾನಂತೂ ಯೋಚಿಸಿರಲಿಲ್ಲ. ಯಾವ ಅಳತೆಗೆ ಕತ್ತರಿಸಿದ, ಹೆಂಡತಿ ಯಾವ ಭಾಗ ಹೊಲಿದಳು, ಅಟ್ಟೆಗೆ ಏನು ಹಾಕಿದರು ಅಂತ ಈಗ ಯೋಚನೆ ಬರುತ್ತದೆ. ಕತೆ ಮೊದಲಿಗಿಂತ ಹತ್ತಿರವಾಗಿದೆ.

ಕಳೆದ ಬೇಸಿಗೆಯಲ್ಲಿ ಅಥಣಿ ಕಡೆ ಹೋಗಿದ್ದೆ. ಕೊಲ್ಹಾಪುರಿ ಚಪ್ಪಲಿ ಅಂದಕೂಡಲೇ ಮಹಾರಾಷ್ಟ್ರ ಅನ್ನುವವರೇ ಜಾಸ್ತಿ. ಆದರೆ ನಮ್ಮ ಅಥಣಿ, ನಿಪ್ಪಾಣಿ ಸುತ್ತಮುತ್ತಲೂ ಮನೆ ಮನೆಯಲ್ಲಿ ಅದನ್ನು ಮಾಡುತ್ತಾರೆ. 2019ರಲ್ಲಿ ಭೌಗೋಳಿಕ ಗುರುತು (ಜಿ.ಐ. ಟ್ಯಾಗ್) ಸಿಕ್ಕಿದ್ದು ಎರಡೂ ರಾಜ್ಯಕ್ಕೆ ಸೇರಿ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಈ ನಾಲ್ಕು ಜಿಲ್ಲೆಯ ಹೆಸರು ಹೇಳಿದರೆ ಬೆಂಗಳೂರಿನ ನನ್ನ ಗೆಳೆಯರು ಆಶ್ಚರ್ಯ ಪಡುತ್ತಾರೆ.

ಅಲ್ಲಿ ಒಂದು ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನವೆಲ್ಲ ಕೂತಿದ್ದೆ. ಅಟ್ಟೆ ಕತ್ತರಿಸುವುದು ಗಂಡಸರು. ಹೆಣೆಯುವುದು, ಮೇಲಿನ ಪಟ್ಟಿಗೆ ತೂತು ಕೊರೆದು ಚಿತ್ತಾರ ಮಾಡುವುದು ಹೆಚ್ಚಾಗಿ ಹೆಂಗಸರು. ಮೊಳೆ ಇಲ್ಲ. ಅಟ್ಟೆಯ ಪದರಗಳನ್ನು ಸೇರಿಸುವ ದಾರವೂ ಚರ್ಮದ್ದೇ. ತೆಳ್ಳಗೆ ಸೀಳಿದ ಎಳೆಯನ್ನು ನೀರಲ್ಲಿ ನೆನೆಸಿ, ತೇವ ಇರುವಾಗಲೇ ಹೊಲಿಯುತ್ತಾರೆ. ಒಣಗುತ್ತಾ ಅದು ಬಿಗಿಯಾಗುತ್ತದೆ. ನಾನು ಪ್ಲಾಸ್ಟಿಕ್ ದಾರಕ್ಕೆ ಮೇಣ ಹಚ್ಚಿ, ಕೊನೆಗೆ ಲೈಟರ್‌ನಿಂದ ಸುಟ್ಟು ಭದ್ರ ಮಾಡುವವನು. ಇಲ್ಲಿ ಚರ್ಮವೇ ಚರ್ಮವನ್ನು ಹಿಡಿದಿತ್ತು.

ಅಲ್ಲಿದ್ದ ಅಕ್ಕ ಸಣ್ಣ ಸಣ್ಣ ಎಳೆಗಳನ್ನು ಜಡೆ ಹೆಣೆಯುತ್ತಿದ್ದರು. ಎಳೆಯ ಒಂದು ತುದಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಎರಡೂ ಕೈ ಬಿಡುವಾಗಿಟ್ಟುಕೊಂಡು. “ಅಕ್ಕಾ, ನಾನೊಂದು ಸ್ವಲ್ಪ ನೋಡಲಾ?” ಅಂದೆ. ಕೊಟ್ಟರು. ನಾಲ್ಕು ಸುತ್ತು ಹೆಣೆಯುವಷ್ಟರಲ್ಲಿ “ಹಗೂರ ಎಳಿ ತಮ್ಮಾ, ಹರೀತೈತಿ ಅದು” ಅಂದರು. ಆಮೇಲೆ ನನ್ನ ಬೆರಳು ಹಿಡಿದು ಎಳೆಯನ್ನು ತಿರುವುವ ಬಗೆ ತೋರಿಸಿದರು. ಪ್ರತಿ ಸುತ್ತಿಗೂ ಎಳೆಯ ಮೇಲ್ಮೈ ಮೇಲೇ ಇರಬೇಕು, ಒಳಬದಿ ಕಾಣಬಾರದು. ಅದಕ್ಕೆ ಬೆರಳ ತುದಿಯಲ್ಲಿ ಅರ್ಧ ಸುತ್ತು ತಿರುವಬೇಕು, ಅವರ ಬೆರಳು ಅದನ್ನು ನೋಡದೆಯೇ ಮಾಡುತ್ತಿತ್ತು. ಮಾತಾಡುತ್ತಾ, ಮೊಮ್ಮಗನನ್ನು ಗದರುತ್ತಾ.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಷೋನಲ್ಲಿ ಇದೇ ಮಾದರಿಯ ಚಪ್ಪಲಿ ತೋರಿಸಿತು. ಮೊದಲು ಎಲ್ಲೂ ಭಾರತದ ಹೆಸರಿರಲಿಲ್ಲ. ಇಲ್ಲಿ ಗದ್ದಲ ಎದ್ದ ಮೇಲೆ, ಇದು ಭಾರತದ ಕೈಕೆಲಸದಿಂದ ಬಂದದ್ದು ಅಂತ ಒಪ್ಪಿಕೊಂಡರು. ಅದೇ ವರ್ಷ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್‌ಕಾಂ, ಕರ್ನಾಟಕದ ಲಿಡ್ಕರ್, ಈ ಎರಡು ಸರ್ಕಾರಿ ಚರ್ಮೋದ್ಯಮ ನಿಗಮಗಳ ಜೊತೆಗೂ ಒಪ್ಪಂದ ಆಯಿತು. ಒಳ್ಳೆಯದೇ. ಆದರೆ ನಾವು ಇಲ್ಲಿ ಸಂತೆಯಲ್ಲಿ ಚೌಕಾಸಿ ಮಾಡುವುದನ್ನೂ ನೋಡಿಕೊಳ್ಳಬೇಕು. ಅಂಥ ಒಂದು ಜೋಡಿಯಲ್ಲಿ ಎಷ್ಟು ಹೆಣಿಗೆ, ಎಷ್ಟು ಹೊಲಿಗೆ ಇದೆ ಅಂತ ಕೈಯಾರೆ ಮಾಡಿದವರಿಗೆ ಐವತ್ತು ರೂಪಾಯಿ ಬಿಡಿ ಅನ್ನಲು ಬಾಯಿ ಬರುವುದಿಲ್ಲ. ಬೆಂಗಳೂರಿನಲ್ಲಿ ಒಂದು ದಿನದ ಚರ್ಮದ ಕೆಲಸದ ಶಿಬಿರಕ್ಕೆ ಸಾವಿರಗಟ್ಟಲೆ ಫೀಸು ಕೊಡುತ್ತೇವೆ, ಬಾಯಿ ಮುಚ್ಚಿಕೊಂಡು ಕೊಡುತ್ತೇವೆ. ಅದೇ ಕೆಲಸವನ್ನು ಜೀವಮಾನ ಮಾಡಿದವರು ಬಸ್ ಸ್ಟಾಪಿನ ಪಕ್ಕ ಕೂತಿದ್ದಾರೆ. ಕಲಿಯುವ ಮನಸ್ಸಿದ್ದವರು ಅವರ ಹತ್ತಿರವೂ ಹೋಗಬಹುದು. ಹೋದರೆ ಮೇಷ್ಟ್ರಿಗೆ ಕೊಡುವ ಹಾಗೆ ಫೀಸು ಕೊಟ್ಟು ಕಲಿಯಬೇಕು. ಅವರ ಗಿರಾಕಿಯ ಹೊತ್ತು ತಿಂದು ಸುಮ್ನೆ ಥ್ಯಾಂಕ್ಸ್ ಹೇಳಿ ಬರುವುದಲ್ಲ.

ನಾನೀಗ ಶನಿವಾರ ಮಧ್ಯಾಹ್ನ, ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಯಜಮಾನರ ಪಕ್ಕ ಕೂರುತ್ತೇನೆ. ಕೊಕ್ಕೆ ಆರಿ ಇನ್ನೂ ಕೈಗೆ ಬಂದಿಲ್ಲ. ಅಟ್ಟೆಯ ಕೆಳಗಿರುವ ಎಡಗೈಗೆ ದಾರ ಎಲ್ಲಿದೆ ಅಂತ ತಾನಾಗಿಯೇ ತಿಳಿಯಬೇಕು, ಅದು ನಿಧಾನಕ್ಕೆ ಬರುವ ವಿದ್ಯೆ. ಅವರಿಗೆ ನನ್ನ ಅಂಚು ಉಜ್ಜುವ ಕೆಲಸ ಹಿಡಿಸಿದೆ. 400 ನಂಬರಿನ ಮರಳು ಕಾಗದದಲ್ಲಿ ಅಂಚು ಸಮ ಮಾಡಿ, ಬೆರಳಲ್ಲಿ ನೀರು ಸವರಿ, ತೋಡು ಕೊರೆದ ಮರದ ತುಂಡಿನಲ್ಲಿ ತಿಕ್ಕಬೇಕು. ಮೊದಲು ಜಿಗುಟಾಗುತ್ತದೆ, ಆಮೇಲೆ ಬಿಸಿಯಾಗಿ ಎಳೆಗಳು ಒಂದಕ್ಕೊಂದು ಅಂಟಿ ಕೂರುತ್ತವೆ, ಆಮೇಲೆ ಹೊಳಪು. ಎರಡು ಪದರ ಸೇರಿದ್ದು ಎಲ್ಲಿ ಅಂತ ಗೊತ್ತಾಗದ ಹಾಗೆ ಆಗಬೇಕು. ಯಜಮಾನರು ಆ ಮರದ ತುಂಡು ಕೇಳಿ ತೆಗೆದುಕೊಂಡು ಒಬ್ಬ ಗಿರಾಕಿಯ ಬೆಲ್ಟಿನ ಅಂಚಿಗೆ ತಿಕ್ಕಿ ಕೊಟ್ಟರು. ಗಿರಾಕಿ ಬೆಲ್ಟು ತಿರುಗಿಸಿ ತಿರುಗಿಸಿ ನೋಡಿಕೊಂಡು ಹೋದ.

ಮುಂದೆ ಒಂದು ಜೊತೆ ಚಪ್ಪಲಿ ಮಾಡಬೇಕು ಅಂತ ಇದೆ. ಪರ್ಸಿಗೆ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ನಡೆಯುತ್ತದೆ, ಚಪ್ಪಲಿಗೆ ನಡೆಯುವುದಿಲ್ಲ. ಪಾದದ ಅಳತೆ ಸಂಜೆ ತೆಗೆದುಕೊಳ್ಳಬೇಕಂತೆ, ದಿನವೆಲ್ಲ ಓಡಾಡಿ ಕಾಲು ಸ್ವಲ್ಪ ಊದಿಕೊಂಡಿರುತ್ತದಲ್ಲ. ಕೂತು ತೆಗೆದ ಅಳತೆ ಬೇಡ, ಭಾರ ಬಿಟ್ಟು ನಿಂತು ತೆಗೆಯಬೇಕು. ಎರಡೂ ಕಾಲಿನದು ಬೇರೆ ಬೇರೆ. ಹೆಬ್ಬೆರಳ ಪಕ್ಕದ ಬಾರು ಅಟ್ಟೆಯೊಳಗೆ ಇಳಿಯುವ ತೂತನ್ನು ಎಲ್ಲಿ ಹಾಕಬೇಕು ಅನ್ನುವುದರ ಮೇಲೆ ಚಪ್ಪಲಿ ಕಚ್ಚುತ್ತದೋ ಇಲ್ಲವೋ ತೀರ್ಮಾನವಾಗುತ್ತದೆ. ಯಜಮಾನರು ರಟ್ಟಿನ ಮೇಲೆ ನನ್ನ ಪಾದದ ಗೆರೆ ಎಳೆದು, ಬೆರಳ ಸಂದಿಗೆ ಪೆನ್ಸಿಲ್ ತೂರಿಸಿ ಗುರುತು ಹಾಕಿದ್ದಾರೆ. ಹಾಕಿದ ಮೇಲೆ ಆ ಗುರುತನ್ನು ಅಳಿಸಿ, ಒಂದು ಚೂರು ಹಿಂದಕ್ಕೆ ಇನ್ನೊಂದು ಹಾಕಿದರು. ಯಾಕೆ ಅಂತ ಕೇಳಿದ್ದಕ್ಕೆ, “ನೀವು ಹಿಮ್ಮಡಿ ಎತ್ತಿ ನಡೀತೀರ ಸಾರ್, ನಿಮ್ಮ ಹಳೇ ಚಪ್ಪಲಿ ನೋಡಿದೀನಿ” ಅಂದರು.